ಉಕ್ಕು ‘ವುಟ್ಸ್’ ಆಯಿತು, ನಮ್ಮ ಹೊನ್ನು ಬಿಳಿಯರ ಶೋಧವಾಯಿತು!



ಹೋದ ರಾಜ್ಯೋತ್ಸವಕ್ಕೆ ಹದಿನೈದು ದಿನ ಮುಂಚೆ ನಮ್ಮ ಪ್ರೆಸ್ಸಿಗೆ ನಾಲ್ಕು ಜನ ಹುಡುಗರು ಬಂದರು. ಪೋಸ್ಟರ್ ಅಚ್ಚು ಹಾಕಿಸಬೇಕಿತ್ತು. ನಡುವೆ ತಾಯಿ ಭುವನೇಶ್ವರಿ, ಎಡಕ್ಕೆ ಹಂಪಿಯ ಕಲ್ಲಿನ ರಥ, ಬಲಕ್ಕೆ ‘ಕೆ.ಜಿ.ಎಫ್.’ ಸಿನಿಮಾದ ಹೀರೋ ಕೈಯಲ್ಲಿ ಸುತ್ತಿಗೆ. ಕೆಳಗೆ ದಪ್ಪಕ್ಷರದಲ್ಲಿ ‘ಚಿನ್ನದ ನಾಡು’. ಚೆನ್ನಾಗಿಯೇ ಇತ್ತು. ಸುಮ್ಮನೆ ಕೇಳಿದೆ: ‘ತಮ್ಮಾ, ಕೋಲಾರದಲ್ಲಿ ಚಿನ್ನ ಕಂಡುಹಿಡಿದವರು ಯಾರು?’ ನಾಲ್ಕೂ ಬಾಯಿ ಒಟ್ಟಿಗೆ ತೆರೆಯಿತು: ‘ಬ್ರಿಟಿಷರು ಅಣ್ಣಾ!’

ಆ ಹುಡುಗರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಪಿಯುಸಿಗೆ ಓದು ಮುಗಿಸಿ ಅಪ್ಪನ ಮೆಷಿನ್ನಿಗೆ ಕಾಗದ ಕೊಡಲು ನಿಂತ ನಾನೂ ಮೂವತ್ತು ದಾಟುವವರೆಗೆ ಅದನ್ನೇ ನಂಬಿದ್ದವನು. ಸಿಟ್ಟು ಬಂದದ್ದು ಆ ಉತ್ತರವನ್ನು ನಮ್ಮ ತಲೆಗೆ ತುಂಬಿದವರ ಮೇಲೆ. ಯಾಕೆಂದರೆ ಅದು ಸುಳ್ಳು. ಸುಳ್ಳೆಂದು ಹೇಳಿದವರು ನಮ್ಮ ಭಾಷಣಕಾರರಲ್ಲ, ಆ ಬ್ರಿಟಿಷರೇ ಬರೆದಿಟ್ಟಿದ್ದಾರೆ!

1802ರಲ್ಲಿ ಮೈಸೂರು ಸಂಸ್ಥಾನದ ಪೂರ್ವದ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಸೇನಾಧಿಕಾರಿಗೆ ಈ ಸೀಮೆಯ ಮಣ್ಣಿನಲ್ಲಿ ಚಿನ್ನವಿದೆ ಎಂಬ ಸುದ್ದಿ ಕಿವಿಗೆ ಬಿತ್ತು. ತೋರಿಸಿದವರಿಗೆ ಇನಾಮು ಅಂದ. ಉರಿಗಾಂ ಊರಿನವರು ಗಾಡಿಯಲ್ಲಿ ಮಣ್ಣು ತುಂಬಿಕೊಂಡು ಬಂದು, ಅವನ ಕಣ್ಣೆದುರೇ ಹೆಂಗಸರ ಕೈಯಲ್ಲಿ ತೊಳೆಸಿ, ತಳದಲ್ಲಿ ಉಳಿದ ಚಿನ್ನದ ಕಣ ತೋರಿಸಿದರು. ಮುಂದೆ ಅವನು ಮಾರಿಕುಪ್ಪಂಗೆ ಹೋದಾಗ ಕಂಡದ್ದೇನು? ಮೂವತ್ತು ನಲವತ್ತು ಅಡಿ ಆಳದ ಗುಂಡಿಗಳು. ಒಳಗೆ ದಲಿತ ಗಂಡಸರು ಕಲ್ಲು ಒಡೆದು ಕೈಯಿಂದ ಕೈಗೆ ದಾಟಿಸುತ್ತಿದ್ದಾರೆ, ಮೇಲೆ ಹೆಂಗಸರು ಆ ಕಲ್ಲನ್ನು ಕುಟ್ಟಿ ಪುಡಿ ಮಾಡಿ ತೊಳೆಯುತ್ತಿದ್ದಾರೆ. ನಡೆಯುತ್ತಿರುವ ಗಣಿ ಸ್ವಾಮಿ ಅದು! ಇದನ್ನು ನೋಡಿ ಬರೆದುಕೊಂಡು ಹೋದವನು ‘ಶೋಧಕ’, ತಲೆತಲಾಂತರದಿಂದ ಅಗೆಯುತ್ತಿದ್ದವರು ಯಾರೂ ಅಲ್ಲ!

ಎಪ್ಪತ್ತು ವರ್ಷದ ಮೇಲೆ ಬೆಂಗಳೂರು ದಂಡಿನಲ್ಲಿದ್ದ ಲ್ಯಾವೆಲ್ ಎಂಬ ಐರಿಶ್ ಸಿಪಾಯಿ ಆ ವಾರನ್ನನ ಬರಹ ಓದಿಯೇ ಕೋಲಾರಕ್ಕೆ ಎತ್ತಿನಗಾಡಿ ಹತ್ತಿದ್ದು. ಇವತ್ತು ನೀವು ಕಾಫಿ ಕುಡಿಯಲು ಹೋಗುವ ಲ್ಯಾವೆಲ್ ರಸ್ತೆ ಅವನದೇ ಹೆಸರು. ಮಾರಿಕುಪ್ಪಂನಲ್ಲಿ ಕಲ್ಲು ಕುಟ್ಟಿದ ಹೆಂಗಸಿನ ಹೆಸರಿನ ರಸ್ತೆ ಯಾವ ಬಡಾವಣೆಯಲ್ಲಿದೆ, ಹುಡುಕಿ ಹೇಳಿ.

ಇನ್ನೂ ಸ್ವಾರಸ್ಯ ಮುಂದಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಲಂಡನ್ನಿನ ಶೇರುದಾರರ ದುಡ್ಡು ಸುರಿದು ಬೇರೆ ಬೇರೆ ಕಂಪನಿಗಳು ಅಲ್ಲಲ್ಲಿ ಬಾವಿ ತೋಡಿದವು. ಚಿನ್ನ ಸಿಗಲಿಲ್ಲ. ದುಡ್ಡು ಬರಿದಾಗುತ್ತ ಬಂತು. ಕೊನೆಗೆ ಮೈಸೂರು ಮೈನ್‌ನ ಪ್ಲಮ್ಮರ್ ಎಂಬ ಮೇಲಧಿಕಾರಿ ಮಾಡಿದ ಬುದ್ಧಿವಂತ ಕೆಲಸ ಒಂದೇ: ನಮ್ಮ ಹಳಬರು ಅಗೆದು ಬಿಟ್ಟುಹೋಗಿದ್ದ ಗುಂಡಿಗಳ ಜಾಡು ಹಿಡಿದು ಕೆಳಗೆ ಹೋದದ್ದು. ಅವರು ನಿಲ್ಲಿಸಿದ್ದ ಜಾಗದ ಕೆಳಗೇ ಶ್ರೀಮಂತ ಪದರ ಸಿಕ್ಕಿತು. ಮುಂದೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು, ನೂರಿಪ್ಪತ್ತು ವರ್ಷದಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ತೆಗೆದು, 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದ ಕೆ.ಜಿ.ಎಫ್.ಗೆ ದಾರಿ ತೋರಿಸಿದ ನಕ್ಷೆ ಲಂಡನ್ನಿನದಲ್ಲ. ಈ ಮಣ್ಣಿನವರು ತೋಡಿದ ಗುಂಡಿಗಳೇ ಆ ನಕ್ಷೆ.

ಆರು ಕೆಂಪೇಗೌಡರಷ್ಟು ಆಳ

ಕೋಲಾರ ಬಿಡಿ, ಅದು ಸಿನಿಮಾ ಆಗಿ ಹೆಸರಾಯಿತು. ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗೊತ್ತೇ? ಇವತ್ತಿಗೂ ಚಿನ್ನ ಕೊಡುತ್ತಿರುವ ಗಣಿ. ಬೆಂಗಳೂರಿನ ಹುಡುಗರಿಗೆ ಹಟ್ಟಿ ಅಂದರೆ ಕಾಫಿ ಅಂಗಡಿ!

ಆ ಹಟ್ಟಿಯಲ್ಲಿ ಪ್ರಾಚೀನರು ಇಳಿದಿದ್ದ ಆಳ ಸುಮಾರು 640 ಅಡಿ. ಬರೀ ಅಂಕಿ ಹೇಳಿದರೆ ತಲೆಗೆ ಹೋಗದು. ನಮ್ಮ ವಿಮಾನ ನಿಲ್ದಾಣದಲ್ಲಿ 108 ಅಡಿಯ ಕೆಂಪೇಗೌಡರ ಪ್ರತಿಮೆ ಇದೆಯಲ್ಲ, ಅಂಥ ಆರನ್ನು ಒಂದರ ಮೇಲೊಂದು ನಿಲ್ಲಿಸಿ, ಅಷ್ಟನ್ನೂ ನೆಲದೊಳಗೆ ಇಳಿಸಿದಂತೆ. ಯಾವಾಗ? ಹಳೆಯ ಗಣಿಯೊಳಗೆ ಸಿಕ್ಕ ಮರದ ತುಂಡುಗಳನ್ನು ರೇಡಿಯೋ ಕಾರ್ಬನ್ ಪರೀಕ್ಷೆಗೆ ಹಾಕಿದಾಗ ಬಂದ ಉತ್ತರ, ಸರಿಸುಮಾರು 2000 ವರ್ಷದ ಹಿಂದೆ. ಆಗ ಕರೆಂಟಿಲ್ಲ, ಡೈನಮೈಟಿಲ್ಲ, ಪಂಪಿಲ್ಲ. ಎಣ್ಣೆ ದೀಪ, ಕಬ್ಬಿಣದ ಉಳಿ, ಸುತ್ತಿಗೆ, ಮರದ ಆಸರೆ, ಮತ್ತೆ ಬೆಂಕಿ.

ಬೆಂಕಿಯ ಕತೆ ಸ್ವಲ್ಪ ಬಿಡಿಸಿ ಹೇಳಬೇಕು. ಹಟ್ಟಿಯ ಚಿನ್ನ ಹೊಳೆಯ ಮರಳಿನಲ್ಲಿ ಬಿದ್ದಿರುವುದಲ್ಲ, ಗಟ್ಟಿ ಬಂಡೆಯ ಮಧ್ಯೆ ಹಾದುಹೋಗುವ ಬಿಳಿಕಲ್ಲಿನ ಎಳೆಯಲ್ಲಿ ಕಣ್ಣಿಗೆ ಕಾಣದಂತೆ ಅಡಗಿರುವುದು. ಆ ಎಳೆಯನ್ನು ಮೇಲಿಂದ ಹಿಡಿದು, ಅದು ಓರೆಯಾಗಿ ಇಳಿದಂತೆ ತಾವೂ ಇಳಿಯುತ್ತ ಹೋದರು. ಬಂಡೆಯ ಮೈಗೆ ಸೌದೆ ಪೇರಿಸಿ ಬೆಂಕಿ ಹಾಕುವುದು, ಬಂಡೆ ಕೆಂಡದಂತೆ ಕಾದಾಗ ನೀರು ಎರಚುವುದು. ಕಾದ ಕಲ್ಲು ಚಟಚಟನೆ ಬಿರುಕು ಬಿಡುತ್ತದೆ. ಆಮೇಲೆ ಉಳಿ ಹಾಕಿ ಕೀಳುವುದು. ಮಸಿ ಹಿಡಿದ ಗೋಡೆ, ಇದ್ದಿಲು, ಬೂದಿ, ನೀರು ತಂದ ಮಡಕೆಗಳ ಚೂರು, ಇವೇ ಸಾಕ್ಷಿ. ಕೇಂಬ್ರಿಜ್‌ನ ಪ್ರಾಕ್ತನ ವಿದ್ವಾಂಸ ರೇಮಂಡ್ ಆಲ್ಚಿನ್ 1962ರಲ್ಲಿ ಇದನ್ನೆಲ್ಲ ಒಟ್ಟು ಹಾಕಿ ದೊಡ್ಡ ಲೇಖನ ಬರೆದ. ಇಂಗ್ಲಿಷಿನಲ್ಲಿ, ವಿದೇಶಿ ಪತ್ರಿಕೆಯಲ್ಲಿ.

ಇದೇನು ಕೇಳದ ವಿದ್ಯೆ ಅನ್ನಬೇಡಿ. ನಿಮ್ಮ ಊರ ಪಕ್ಕದ ಬಂಡೆಯಲ್ಲಿ ಒಡ್ಡರ ಕುಟುಂಬಗಳು ಸೌದೆ ಉರಿಸಿ ಬೆಂಕಿಯನ್ನು ಮುಂದಕ್ಕೆ ಮುಂದಕ್ಕೆ ದಬ್ಬುತ್ತ ಚಪ್ಪಡಿ ಎಬ್ಬಿಸುವುದನ್ನು ನಿಮ್ಮ ತಾತ ನೋಡಿದ್ದಾರೆ, ಬಹುಶಃ ನೀವೂ ನೋಡಿದ್ದೀರಿ. ಅದು ಅದರ ತಮ್ಮನಂಥ ವಿದ್ಯೆ. ವಿದೇಶಿ ಪುಸ್ತಕದಲ್ಲಿ ಅದಕ್ಕೆ ‘ಫೈರ್ ಸೆಟ್ಟಿಂಗ್’ ಎಂದು ಹೆಸರು ಕೊಟ್ಟರೆ ಅದು ತಂತ್ರಜ್ಞಾನ. ನಮ್ಮ ಒಡ್ಡರು ಮಾಡಿದರೆ ಕೂಲಿ!

ಮೇಲೆ ತಂದ ಕಲ್ಲನ್ನು ಕುಟ್ಟಿ ಹಿಟ್ಟು ಮಾಡಲು ಬಂಡೆಗಳ ಮೇಲೆ ಬಟ್ಟಲಿನಂಥ ಕುಳಿಗಳಿವೆ. ನಾಲ್ಕು ವರ್ಷದ ಹಿಂದೆ ಗೆಳೆಯನೊಬ್ಬನ ಜತೆ ಆ ಕಡೆ ಹೋಗಿದ್ದಾಗ ಅಂಥ ಒಂದು ಕುಳಿಯೊಳಗೆ ಕೈ ಇಟ್ಟು ನೋಡಿದೆ. ನಮ್ಮ ಮನೆಯ ಒರಳಿನಷ್ಟೇ ನುಣುಪು. ಎಷ್ಟು ಕೈ, ಎಷ್ಟು ವರ್ಷ ತಿರುಗಿರಬೇಕು!

ಅಲ್ಲಿಂದ ಮಸ್ಕಿ ದೂರವಿಲ್ಲ. ‘ಅಶೋಕ’ ಎಂಬ ಹೆಸರಿರುವ ಮಸ್ಕಿ ಶಾಸನ ನಿಮ್ಮ ಪಾಠದಲ್ಲಿ ಬಂದಿರುತ್ತದೆ, ಪರೀಕ್ಷೆಯಲ್ಲಿ ಒಂದು ಅಂಕಕ್ಕೆ. ಅದನ್ನು 1915ರಲ್ಲಿ ಕಂಡವನು ಇತಿಹಾಸಕಾರನಲ್ಲ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರು! ಚಿನ್ನ ಹುಡುಕುತ್ತ ತಿರುಗುವವನ ಕಣ್ಣಿಗೆ ಅಶೋಕ ಬಿದ್ದ. ಇದು ಬರೀ ಅದೃಷ್ಟ ಅನ್ನುತ್ತೀರಾ? ಪಾಟಲಿಪುತ್ರದಲ್ಲಿ ಕೂತ ಚಕ್ರವರ್ತಿ ಮಸ್ಕಿ, ಕೊಪ್ಪಳ, ಬ್ರಹ್ಮಗಿರಿ ಎಂದು ಈ ಒಣನೆಲದ ಬಂಡೆಗಳ ಮೇಲೆ ಯಾಕೆ ಬರೆಸಿದ? ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನ ಹೊರಟದ್ದೇ ‘ಸುವರ್ಣಗಿರಿ’ಯಲ್ಲಿದ್ದ ರಾಜಕುಮಾರನ ಅಪ್ಪಣೆಯಿಂದ. ಮೌರ್ಯರ ದಕ್ಷಿಣದ ಕಚೇರಿಯ ಹೆಸರೇ ಚಿನ್ನದ ಬೆಟ್ಟ. ಅದು ಕೊಪ್ಪಳ ಜಿಲ್ಲೆಯ ಕನಕಗಿರಿ ಎಂದು ಕೆಲವರು, ಆಂಧ್ರದ ಜೊನ್ನಗಿರಿ ಎಂದು ಕೆಲವರು. ಯಾವುದೇ ಆಗಲಿ, ಮೌರ್ಯರ ಕಣ್ಣು ಈ ಭಾಗದ ಹೊನ್ನಿನ ಮೇಲಿತ್ತು ಎಂದು ವಿದ್ವಾಂಸರು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ.

ಇಲ್ಲೊಂದು ಮಾತು ನಮ್ಮವರಿಗೇ ಹೇಳಬೇಕು, ಬೇಜಾರಾದರೂ ಸರಿ. ವೇದಿಕೆ ಸಿಕ್ಕಿದ ಕೂಡಲೇ ‘ಹರಪ್ಪಕ್ಕೆ ಚಿನ್ನ ಕೊಟ್ಟವರೇ ಕನ್ನಡಿಗರು’ ಎಂದು ಗುಡುಗುವವರಿದ್ದಾರೆ. ಮೊಹೆಂಜೊದಾರೊ ಚಿನ್ನದಲ್ಲಿ ಬೆಳ್ಳಿಯ ಅಂಶ ಇರುವುದರಿಂದ ಅದು ಕೋಲಾರದ ಕಡೆಯದ್ದಿರಬಹುದು ಎಂದು 1931ರ ಮಾರ್ಷಲ್ ಗ್ರಂಥದಲ್ಲಿ ಒಂದು ಊಹೆ ಬಂತು. ಊಹೆ ಊಹೆಯಾಗಿಯೇ ಉಳಿದಿದೆ, ಸಾಬೀತಾಗಿಲ್ಲ. ಸಾಬೀತಾದದ್ದೇ ಬೆಟ್ಟದಷ್ಟಿರುವಾಗ ಆಗದ್ದನ್ನು ಯಾಕೆ ಕೂಗುತ್ತೀರಿ? ಒಂದು ಪೊಳ್ಳು ಮಾತು ಸಿಕ್ಕಿಬಿದ್ದರೆ ನಿಮ್ಮ ಹತ್ತು ನಿಜವನ್ನೂ ಜನ ನಂಬುವುದಿಲ್ಲ.

ಎರಡು ಶತಮಾನದ ಅಚ್ಚಿನ ತಪ್ಪು

ಈಗ ನನ್ನ ಕಸುಬಿಗೆ ಹತ್ತಿರದ ವಿಷಯ. ಪ್ರೂಫ್ ನೋಡುವವನಿಗೆ ಅಚ್ಚಿನ ತಪ್ಪು ಕಂಡರೆ ಕೈ ಕಡಿಯುತ್ತದೆ. ಲೋಕದ ಲೋಹಶಾಸ್ತ್ರದ ಪುಸ್ತಕಗಳಲ್ಲೆಲ್ಲ ‘ವುಟ್ಸ್’ ಎಂಬ ಪದವಿದೆ. ಡಮಾಸ್ಕಸ್ ಕತ್ತಿಗಳ ಹಿಂದಿದ್ದ ಹಿಂದೂಸ್ತಾನದ ಉಕ್ಕಿಗೆ ಅವರಿಟ್ಟ ಹೆಸರು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಓದಿದ ಪ್ರಬಂಧದ ತಲೆಬರಹದಲ್ಲೇ ಇದು ‘ಬೊಂಬಾಯಿಯಲ್ಲಿ ತಯಾರಾದದ್ದು’ ಎಂದಿದೆ. ಹಡಗು ಹತ್ತಿದ ಬಂದರೇ ಅವರಿಗೆ ತವರು! 1819ರಲ್ಲಿ ಮೈಕೆಲ್ ಫ್ಯಾರಡೆ, ನಿಮ್ಮ ವಿಜ್ಞಾನ ಪುಸ್ತಕದ ಅದೇ ಫ್ಯಾರಡೆ, ಈ ವುಟ್ಸ್ ಕರಗಿಸಿ ಪರೀಕ್ಷೆ ಮಾಡಿದ.

ಏನಿದು ವುಟ್ಸ್? ಯಾವ ಭಾಷೆ? 1886ರಲ್ಲಿ ಯೂಲ್ ಮತ್ತು ಬರ್ನೆಲ್ ಎಂಬಿಬ್ಬರು ‘ಹಾಬ್ಸನ್ ಜಾಬ್ಸನ್’ ಎಂಬ ನಿಘಂಟು ಮಾಡಿದರು. ಅದರಲ್ಲಿ ಅವರು ಹೇಳಿದ್ದು: ಇದು ಯಾರೋ ಬರೆಯುವಾಗಲೋ ಓದುವಾಗಲೋ ಆದ ಎಡವಟ್ಟಿರಬೇಕು, ಕನ್ನಡದ ‘ಉಕ್ಕು’ ಎಂಬುದನ್ನು ಇಂಗ್ಲಿಷಿನಲ್ಲಿ ‘ವೂಕ್’ ಎಂದು ಬರೆದದ್ದು ಮುಂದೆ ‘ವುಟ್ಸ್’ ಆಗಿರುವ ಸಂಭವವೇ ಹೆಚ್ಚು. ತಮಿಳಿನ ‘ಉರುಕ್ಕು’ ಎನ್ನುವವರೂ ಇದ್ದಾರೆ, ಇರಲಿ. ಆದರೆ ಆ ಇಬ್ಬರು ಬ್ರಿಟಿಷರೇ ಬೆರಳು ತೋರಿಸಿದ್ದು ಕನ್ನಡದ ಕಡೆ. ನನ್ನ ಪ್ರೆಸ್ಸಿನಲ್ಲಿ ಮದುವೆ ಪತ್ರಿಕೆಯಲ್ಲಿ ವರನ ಹೆಸರು ತಪ್ಪಾದರೆ ಬೀಗರು ಅಂಗಡಿಗೇ ಬರುತ್ತಾರೆ. ಉಕ್ಕಿನ ಹೆಸರು ತಪ್ಪಾಗಿ ಇನ್ನೂರು ವರ್ಷ ದಾಟಿತು, ಒಬ್ಬ ಕನ್ನಡಿಗನೂ ತಿದ್ದುಪಡಿ ಕೇಳಲಿಲ್ಲ. ಕೇಳುವುದಿರಲಿ, ನಮ್ಮ ಎಂಜಿನಿಯರಿಂಗ್ ಕಾಲೇಜಿನ ಹುಡುಗರೂ ‘ವುಟ್ಸ್’ ಎಂದೇ ಉರು ಹೊಡೆಯುತ್ತಾರೆ, ಮನೆಗೆ ಬಂದು ಅಮ್ಮನಿಗೆ ಹಾಲು ಉಕ್ಕಿತು ಅನ್ನುತ್ತಾರೆ!

ಉಕ್ಕು ಹೇಗೆ ಆಗುತ್ತಿತ್ತು? ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಬುಕಾನನ್ ಎಂಬ ಡಾಕ್ಟರು ನಮ್ಮ ಹಳ್ಳಿಹಳ್ಳಿ ತಿರುಗಿ ಕಬ್ಬಿಣ, ಉಕ್ಕು ಕಾಯಿಸುವವರ ಕೆಲಸ ನೋಡಿ ಬರೆದಿಟ್ಟ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಜತೆಗೆ ತಂಗಡಿ ಗಿಡದ ಒಣಕಡ್ಡಿ, ಹಸಿರೆಲೆ. ಬಾಯಿ ಮಣ್ಣಿನಿಂದ ಮುಚ್ಚಿ, ಮೂಸೆಗಳನ್ನು ಕುಲುಮೆಯೊಳಗೆ ಜೋಡಿಸಿ, ತಿದಿ ಒತ್ತುತ್ತ ಗಂಟೆಗಟ್ಟಲೆ ಕಾಯಿಸಬೇಕು. ಕಡ್ಡಿ ಎಲೆಗಳ ಇಂಗಾಲ ಕಬ್ಬಿಣಕ್ಕೆ ಸೇರಿ ಅದು ಕರಗುತ್ತದೆ. ತಣ್ಣಗಾದ ಮೇಲೆ ಮೂಸೆ ಒಡೆದರೆ ಗಟ್ಟಿ ಉಕ್ಕಿನ ಉಂಡೆ. ಬೇಲಿ ಸಾಲಿನ ತಂಗಡಿ ಗಿಡ ಸ್ವಾಮಿ! ಹಳದಿ ಹೂ ಬಿಡುವ ಅದೇ ಗಿಡ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಇಂಥ ಮೂಸೆಗಳ ಚೂರು ಸಿಕ್ಕಿ, ವಿದ್ವಾಂಸರು ಅವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪರೀಕ್ಷೆ ಮಾಡಿದ್ದಾರೆ.

ಕಬ್ಬಿಣವಂತೂ ಇನ್ನೂ ಹಳೆಯದು. 1947ರಲ್ಲಿ ಮಾರ್ಟಿಮರ್ ವೀಲರ್ ಸಾಹೇಬರು ಬ್ರಹ್ಮಗಿರಿ ಅಗೆದು, ಇಲ್ಲಿನ ಕಲ್ಲುಗೋರಿಗಳ ಜನ ಕಬ್ಬಿಣ ಬಳಸಿದ್ದು ಕ್ರಿ.ಪೂ. 200ರ ಹೊತ್ತಿಗೆ ಎಂದು ತೀರ್ಪು ಕೊಟ್ಟರು. ಎಲ್ಲರೂ ತಲೆಯಾಡಿಸಿದರು. 1965ರಲ್ಲಿ ನಮ್ಮವರೇ ಆದ ಎಂ.ಎಸ್. ನಾಗರಾಜರಾವ್ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ, ಈಗಿನ ಹಾವೇರಿ ಜಿಲ್ಲೆ, ಗುಂಡಿ ತೆಗೆದರು. ಕಬ್ಬಿಣ ಸಿಕ್ಕ ಪದರದ ಇದ್ದಿಲಿನ ವಯಸ್ಸು ಕ್ರಿ.ಪೂ. 1000ದ ಆಸುಪಾಸು! ಸಾಹೇಬರ ಲೆಕ್ಕ ಎಂಟು ನೂರು ವರ್ಷ ಹಿಂದಕ್ಕೆ ಹೋಯಿತು. ವಾದ ಮಾಡಿ ಗೆದ್ದದ್ದಲ್ಲ, ಅಗೆದು ಗೆದ್ದದ್ದು. ಮುಂದೆ ಅವರು ಇಡೀ ದೇಶದ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾದರು. ನಿಮ್ಮಲ್ಲಿ ಎಷ್ಟು ಜನ ಈ ಹೆಸರು ಕೇಳಿದ್ದೀರಿ, ಕೈ ಎತ್ತಿ. ಕೇಳಿಲ್ಲದಿದ್ದರೆ ತಪ್ಪು ನಿಮ್ಮದಲ್ಲ. ಹಳ್ಳೂರಿನ ವರದಿ 1971ರಲ್ಲಿ ಅಚ್ಚಾದದ್ದು ಇಂಗ್ಲಿಷಿನಲ್ಲಿ.

‘ಪದಗಳಿಲ್ಲ ಕಣ್ರೀ’

ಕೆಲವು ವರ್ಷದ ಹಿಂದೆ ಒಂದು ಸಂಸ್ಥೆಯವರು ಪ್ರಾಚೀನ ಗಣಿ, ಲೋಹಗಾರಿಕೆ ಬಗ್ಗೆ ನಡೆಯುವ ವಿಚಾರ ಸಂಕಿರಣದ ಪುಸ್ತಕ ನನಗೆ ಅಚ್ಚಿಗೆ ಕೊಟ್ಟರು. ಎಂಬತ್ತು ಪುಟ. ಊರುಗಳೆಲ್ಲ ನಮ್ಮವೇ. ಕನ್ನಡದಲ್ಲಿದ್ದದ್ದು ಮೊದಲ ಪುಟದ ‘ಸ್ವಾಗತ’ ಎಂಬ ಒಂದೇ ಪದ, ಅದೂ ‘ಸ್ವಗತ’ ಎಂದಾಗಿತ್ತು. ನನ್ನ ಅಭ್ಯಾಸಬಲ, ದೀರ್ಘ ಹಾಕಿ ತಿದ್ದಿದೆ. ಆಮೇಲೆ ಅನ್ನಿಸಿತು, ಅದೇ ಸರಿಯಾಗಿತ್ತು, ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುವವರಿಗೆ!

ತಡೆಯಲಾರದೆ ಕೇಳಿದೆ: ‘ಸಾರ್, ಕೊನೆಗೆ ನಾಲ್ಕು ಪುಟ ಕನ್ನಡದ ಸಾರಾಂಶ ಹಾಕೋಣ, ಅಚ್ಚುಕೂಲಿ ಬೇಡ.’ ಬಂದಿದ್ದ ಮಹಾಶಯರು ನಕ್ಕರು. ‘ಈ ಸಬ್ಜೆಕ್ಟಿಗೆಲ್ಲ ಕನ್ನಡದಲ್ಲಿ ಪದಗಳಿಲ್ಲ ಕಣ್ರೀ. ಸ್ಲ್ಯಾಗ್‌ಗೆ ಏನಂತೀರಿ? ಕ್ರೂಸಿಬಲ್‌ಗೆ ಏನಂತೀರಿ?’

ನಮ್ಮಪ್ಪನ ಕಾಲದಲ್ಲಿ ಪ್ರೆಸ್ಸಿನಲ್ಲಿದ್ದದ್ದು ಸೀಸದ ಅಚ್ಚುಮೊಳೆ. ಸವೆದ ಮೊಳೆ ಕರಗಿಸುವಾಗ ಮೇಲೆ ತೇಲುವ ಕೊಳೆಯನ್ನು ಸೌಟಿನಲ್ಲಿ ತೆಗೆಯುತ್ತ ಅಪ್ಪ ಅನ್ನುತ್ತಿದ್ದರು, ‘ಕಿಟ್ಟ ತೆಗೆಯೋ ಮಗಾ’. ಸ್ಲ್ಯಾಗ್ ಅಂದರೆ ಕಿಟ್ಟ. ಕ್ರೂಸಿಬಲ್ ಅಂದರೆ ಮೂಸೆ, ಯಾವ ಅಕ್ಕಸಾಲಿಗನ ಅಂಗಡಿಗೆ ಹೋದರೂ ತೋರಿಸುತ್ತಾನೆ. ಕುಲುಮೆ, ತಿದಿ, ಅಡಿಗಲ್ಲು, ಇಕ್ಕಳ, ಅದಿರು, ಒರೆಗಲ್ಲು, ಪುಟ ಹಾಕುವುದು. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಿಗೆಯಲ್ಲಿ ಮರಳು ತೊಳೆದು ಹೊನ್ನಿನ ಕಣ ಹಿಡಿಯುತ್ತಿದ್ದವರು ಜಲಗಾರರು. ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1874ರಲ್ಲೇ ಆ ಗುಡ್ಡದ ಚಿನ್ನದ ಬಗ್ಗೆ ಬರೆದ. ನಮಗೋ, ಜಲಗಾರ ಅಂದರೆ ಕುವೆಂಪು ನಾಟಕದ ಕಸ ಗುಡಿಸುವವ ಎಂಬುದಷ್ಟೇ ನೆನಪು. ಪದ ಇಲ್ಲದಿರುವುದಲ್ಲ ತೊಂದರೆ. ಪದ ಇರುವ ಜನರ ಜತೆ ಈ ದೊಡ್ಡವರು ಎಂದೂ ಕೂತು ಮಾತಾಡಿಲ್ಲ, ಅದು ತೊಂದರೆ.

ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ ಇಂಗ್ಲಿಷಿನಲ್ಲಿ ಎಷ್ಟು ಬರೆದರೋ ಕನ್ನಡಕ್ಕೂ ದುಡಿದರು. ಟಿ.ಆರ್. ಅನಂತರಾಮು ಅವರು ಭೂಮಿ, ಕಲ್ಲು, ಖನಿಜ ಎಂದು ಕನ್ನಡದಲ್ಲೇ ಸಾಲುಸಾಲು ಪುಸ್ತಕ ಬರೆದಿದ್ದಾರೆ. ಅವರಿಗೆ ಸಿಕ್ಕ ಪದ ಇವರಿಗೆ ಯಾಕೆ ಸಿಗುವುದಿಲ್ಲ?

ಮಸ್ಕಿಯ ಸುತ್ತ ಸ್ಟ್ಯಾನ್‌ಫರ್ಡ್, ಮೆಕ್‌ಗಿಲ್‌ನಂಥ ವಿದೇಶಿ ವಿಶ್ವವಿದ್ಯಾಲಯಗಳ ವಿದ್ವಾಂಸರು ಹದಿನೈದು ವರ್ಷದಿಂದ ಹೊಲಹೊಲ ನಡೆದು, ಹಳೆಯ ಊರು, ಗೋರಿ, ಕಿಟ್ಟದ ರಾಶಿ ಗುರುತಿಸಿದ್ದಾರೆ. ಒಳ್ಳೆಯ ಕೆಲಸ, ಕೈ ಮುಗಿಯುತ್ತೇನೆ. ಆದರೆ ಯಾರ ಹೊಲದಲ್ಲಿ ಅವರು ನಡೆದರೋ ಆ ರೈತನ ಕೈಗೆ ಅವನ ಭಾಷೆಯಲ್ಲಿ ಏನು ತಲುಪಿತು? ತನ್ನ ಬದುವಿನ ಕರಿಕಲ್ಲು ಸಾವಿರಾರು ವರ್ಷದ ಕುಲುಮೆಯ ಕಿಟ್ಟ ಎಂದು ಗೊತ್ತಾದರೆ ಅವನು ಅದನ್ನು ಜೆಸಿಬಿಗೆ ಕೊಡುವ ಮುಂಚೆ ಒಂದು ಗಳಿಗೆ ಯೋಚಿಸುತ್ತಾನೆ. ಗೊತ್ತಿಲ್ಲದವನನ್ನು ದೂರಿ ಏನು ಫಲ?

ಗಣಿಯದೂ ಅದೇ ಪಾಡು. ಹೊಸ ಗಣಿ ಹಳೆಯ ಗಣಿಯನ್ನು ತಿನ್ನುತ್ತದೆ, ಅದರ ಗುಣವೇ ಅದು. ಹಟ್ಟಿಯನ್ನು ಮುಚ್ಚಿ ಅನ್ನಲು ನನಗೇನು ಹುಚ್ಚೇ, ಎಷ್ಟು ಮನೆಯ ಒಲೆ ಅದರಿಂದ ಉರಿಯುತ್ತಿದೆ! ಹಳೆಯ ಗುಂಡಿ, ಮಸಿಯ ಗೋಡೆ, ಮರದ ಆಸರೆ ಸಿಕ್ಕಿದಲ್ಲಿ ಸಿಡಿಮದ್ದು ಇಡುವ ಮುಂಚೆ ಅಳೆಯಿರಿ, ಫೋಟೋ ತೆಗೆಯಿರಿ, ಒಂದು ತುಂಡು ಎತ್ತಿಡಿ. ಒಂದು ದಿನದ ಕೆಲಸ.

2025ರ ಜನವರಿಯಲ್ಲಿ ತಮಿಳುನಾಡಿನ ಆಗಿನ ಮುಖ್ಯಮಂತ್ರಿ ಸ್ಟಾಲಿನ್ ಚೆನ್ನೈನಲ್ಲಿ ‘ಕಬ್ಬಿಣದ ಪ್ರಾಚೀನತೆ’ ಎಂಬ ವರದಿ ಬಿಡುಗಡೆ ಮಾಡಿ, ತಮ್ಮ ನೆಲದ ಕಬ್ಬಿಣ 5300 ವರ್ಷ ಹಳೆಯದು ಅಂದರು. ಆ ಲೆಕ್ಕದ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ, ಅದು ಅವರಿಗೆ ಬಿಟ್ಟದ್ದು. ನಾನು ನೋಡಿದ್ದು ಬೇರೆ. ನೆಲದಡಿಯ ಇದ್ದಿಲಿನ ತುಂಡಿನ ವಯಸ್ಸು ಹೇಳಲು ಒಂದು ಸರ್ಕಾರವೇ ವೇದಿಕೆ ಹತ್ತಿತು. ಮರುದಿನ ಚಹಾ ಅಂಗಡಿಯಲ್ಲೂ ಅದೇ ಮಾತು. ನಮ್ಮ ಕೆಲವು ಗೆಳೆಯರು ಇದಕ್ಕೆ ಎದುರಾಗಿ ‘ನಮ್ಮದು ಆರು ಸಾವಿರ’ ಎಂದು ಕರಪತ್ರ ಹಾಕಿಸಲು ಬಂದರು. ಆಧಾರ ಎಲ್ಲಿ ಅಂದೆ. ‘ನೀವು ಹಾಕಿ ಸಾರ್’ ಅಂದರು. ನಾನು ಹಾಕಲಿಲ್ಲ. ಪಕ್ಕದ ರಸ್ತೆಯ ಪ್ರೆಸ್ಸಿನವನು ಹಾಕಿದ.

ಕೇಳುವುದು ಇಷ್ಟೇ. ಕರ್ನಾಟಕದ ನೆಲದಲ್ಲಿ ಗುದ್ದಲಿ ಹಾಕಲು ಯಾವ ವಿಶ್ವವಿದ್ಯಾಲಯಕ್ಕೆ ಅನುಮತಿ ಕೊಟ್ಟರೂ, ಅದು ಕೇಂಬ್ರಿಜ್ ಆಗಲಿ ನಮ್ಮದೇ ಆಗಲಿ, ಕೆಲಸ ಮುಗಿದ ಮೇಲೆ ಹದಿನಾರು ಪುಟದ ಕನ್ನಡ ಪುಸ್ತಿಕೆ ಕೊಡಬೇಕು ಎಂಬ ಒಂದು ಸಾಲು ಆ ಅನುಮತಿ ಪತ್ರದಲ್ಲಿ ಸೇರಲಿ. ಹದಿನಾರು ಪುಟ ಅಂದರೆ ನಮ್ಮ ಭಾಷೆಯಲ್ಲಿ ಒಂದು ಫಾರಂ. ಒಂದು ಹಾಳೆ, ಎರಡೂ ಮಗ್ಗುಲು, ಮೂರು ಮಡಿಕೆ. ಬೆಳಗ್ಗೆ ಪ್ಲೇಟು ಕೊಟ್ಟರೆ ಸಂಜೆಗೆ ಸಾವಿರ ಪ್ರತಿ ಮಡಿಚಿ, ಪಿನ್ ಹೊಡೆದು ಕೊಡುತ್ತೇನೆ. ಕೋಟಿಗಟ್ಟಲೆ ಖರ್ಚಿನ ಯೋಜನೆ ಅಲ್ಲ ಇದು.

ಸರ್ಕಾರ ಮಾಡುವವರೆಗೆ ಕೂತಿರುವುದೂ ಬೇಡ. ನಿಮ್ಮಲ್ಲಿ ಇಂಗ್ಲಿಷ್ ಚೆನ್ನಾಗಿ ಓದುವವರಿದ್ದೀರಿ, ಎಂ.ಎ. ಮಾಡಿದವರಿದ್ದೀರಿ, ನನಗಿಂತ ಹತ್ತು ಪಟ್ಟು ಓದಿದವರು. ಆಲ್ಚಿನ್ ಬರೆದದ್ದರಲ್ಲಿ, ನಾಗರಾಜರಾವ್ ಬರೆದದ್ದರಲ್ಲಿ ಏನಿದೆ ಎಂದು ನಿಮ್ಮ ಮಾತಿನಲ್ಲಿ, ನಿಮ್ಮ ತಂಗಿಗೆ ತಿಳಿಯುವ ಕನ್ನಡದಲ್ಲಿ ಬರೆದು ತನ್ನಿ. ಪದ ಸಿಗದಿದ್ದರೆ ಅಕ್ಕಸಾಲಿಗರ ಬೀದಿಗೆ ಹೋಗಿ ಕೇಳಿ, ಬಂಡೆ ಒಡೆಯುವವರನ್ನು ಕೇಳಿ. ಕಾಗದದ ದುಡ್ಡು ಕೊಟ್ಟರೆ ಸಾಕು, ಅಚ್ಚುಕೂಲಿ, ಪ್ರೂಫ್ ನೋಡುವುದು ನನ್ನದು. ಆ ನಾಲ್ಕು ಜನ ಹುಡುಗರಲ್ಲಿ ಒಬ್ಬ ಈಗಾಗಲೇ ಹಟ್ಟಿಯ ಬಗ್ಗೆ ಆರು ಪುಟ ಬರೆದು ತಂದಿದ್ದಾನೆ. ಕಾಗುಣಿತದ ತಪ್ಪು ರಾಶಿ ಇದೆ. ತಿದ್ದುತ್ತಿದ್ದೇನೆ. ಇನ್ನು ಹತ್ತು ಪುಟ ಬೇಕು.